ಇನ್ನೊಂದು ರೊಟ್ಟಿ ಬ್ಯಾಡ, ಯವ್ವಾ

ನಮ್ಮ ಕಡೆ ಊಟಕ್ಕೆ ಕುಳಿತವರು ‘ಸಾಕು’ ಎಂದರೆ ಯಾರೂ ನಂಬುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ, ಯಾವ ಊರಿನ ಪಡಸಾಲೆಯಲ್ಲಿ ಕುಳಿತರೂ ಅಷ್ಟೇ. ಮೊದಲ ‘ಸಾಕು’ಗೆ ಒಂದು ರೊಟ್ಟಿ ಬೀಳುತ್ತದೆ, ಎರಡನೆಯದಕ್ಕೆ ಅರ್ಧ ರೊಟ್ಟಿ, ಮೂರನೆಯದಕ್ಕೆ ಒಂದು ಚಮಚ ಶೇಂಗಾ ಹಿಂಡಿ. ತಾಟಿಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ರೊಟ್ಟಿ ಇಟ್ಟು ಹೋಗುವ ಅಜ್ಜಿಯರಿದ್ದಾರೆ. ನಮ್ಮ ಅವ್ವ ಅಂಥವಳು.

ಹೋದ ವರ್ಷ ಬೇಸಿಗೆ ಶುರುವಾಗುವಾಗ ಅವ್ವನ ಈ ಪ್ರೀತಿಗೆ ಒಂದು ದೊಡ್ಡ ಪರೀಕ್ಷೆ ಬಂತು. ಶಹಾಪುರಕ್ಕೆ ಕೊಟ್ಟಿರುವ ನನ್ನ ಅಕ್ಕ ಹೈದರಾಬಾದಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು, ಆರೈಕೆಗೆಂದು ಸುರಪುರದ ತವರುಮನೆಗೆ ಬಂದಳು. ಮಗಳು ತವರಿಗೆ ಬಂದರೆ ತಾಯಿ ಏನು ಮಾಡುತ್ತಾಳೆ? ಉಣಿಸುತ್ತಾಳೆ. ಆದರೆ ಈ ಮಗಳು ಬಂದದ್ದೇ ಕಡಿಮೆ ಉಣ್ಣುವುದನ್ನು ಕಲಿಯಲು.

ಮಕ್ಕಳೇ, ಅಜ್ಜ-ಅಜ್ಜಿಯರೇ, ಇಂಥ ಆಪರೇಷನ್ ಆದವರು ಈಗ ನಮ್ಮ ಊರುಗಳಲ್ಲೂ ಕಾಣುತ್ತಿದ್ದಾರೆ. ಆಪರೇಷನ್ ಮಾಡುವುದು ಡಾಕ್ಟರ ಕೆಲಸ, ಅದು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಆಮೇಲಿನ ಊಟ ಮನೆಯವರೆಲ್ಲರ ಕೆಲಸ, ಅದು ಜೀವನಪೂರ್ತಿ ಇರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ನಾವು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಚರಿಗೆ ಹೋಗಿ ಚಮಚ ಆಯಿತು

ಈ ಶಸ್ತ್ರಚಿಕಿತ್ಸೆಗೆ ಬೇರಿಯಾಟ್ರಿಕ್ ಸರ್ಜರಿ ಎನ್ನುತ್ತಾರೆ. ಇದರಲ್ಲಿ ಹಲವು ಬಗೆಗಳಿವೆ. ಒಂದರಲ್ಲಿ ಜಠರದ ಮುಕ್ಕಾಲು ಭಾಗವನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಉದ್ದನೆಯ ಕೊಳವೆ. ಅದಕ್ಕೆ ಸ್ಲೀವ್ ಎಂದು ಹೆಸರು. ಇನ್ನೊಂದು ಬೈಪಾಸ್. ಅದರಲ್ಲಿ ಜಠರದ ಮೇಲ್ಭಾಗದಲ್ಲಿ ಮೊಟ್ಟೆಯಷ್ಟು ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅಕ್ಕನಿಗೆ ಆದದ್ದು ಈ ಎರಡನೆಯದು.

ನಮ್ಮ ಜಠರ ಸಾಮಾನ್ಯವಾಗಿ ಒಂದು ಲೀಟರಿನಷ್ಟು, ಅಂದರೆ ಒಂದು ಚರಿಗೆಯಷ್ಟು, ಊಟ-ನೀರು ಹಿಡಿಯಬಲ್ಲದು. ಬೈಪಾಸ್ ಆದ ಮೇಲೆ ಮೊದಲಿಗೆ ಆ ಸಣ್ಣ ಚೀಲ ಹಿಡಿಯುವುದು ಸುಮಾರು 30 ಮಿಲಿಲೀಟರ್. ಎರಡು ದೊಡ್ಡ ಚಮಚ ತುಂಬಿದರೆ ಮುಗಿಯಿತು!

ಈ ಚಿಕಿತ್ಸೆ ಹೊಸದೇನಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ನಮ್ಮ ದೇಶದಲ್ಲಿ ನಿತಿನ್ ಗಡ್ಕರಿಯವರು 2011ರಲ್ಲಿ ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು.

ದಪ್ಪಗಿದ್ದವರಿಗೆಲ್ಲ ಈ ಆಪರೇಷನ್ ಮಾಡುವುದಿಲ್ಲ. ತೂಕ ಬಹಳ ಹೆಚ್ಚಾಗಿ, ಊಟ-ನಡಿಗೆ-ಔಷಧಗಳಿಂದ ಇಳಿಯದೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವುದು ಮುಂತಾದ ತೊಂದರೆಗಳು ಸೇರಿಕೊಂಡಾಗ ವೈದ್ಯರು ಹಲವು ಪರೀಕ್ಷೆ ಮಾಡಿ ತೀರ್ಮಾನಿಸುತ್ತಾರೆ. ಅಕ್ಕನಿಗೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿರಲಿಲ್ಲ. ಮೊಣಕಾಲು ನೋವಿಗೆ ಮನೆಯ ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ. ಆದರೂ ಓಣಿಯವರು, “ಬಾಯಿ ಕಟ್ಟಿದ್ರ ಸಾಕಿತ್ತು, ಹೊಟ್ಟಿ ಯಾಕ ಕೊಯ್ಸಿಕೊಂಡಳು?” ಎಂದರು. ಬಾಯಿ ಕಟ್ಟುವುದನ್ನು ಅಕ್ಕ ಎಷ್ಟು ವರ್ಷ ಮಾಡಿದ್ದಳೆಂಬುದು ಅವರಿಗೆ ಗೊತ್ತಿರಲಿಲ್ಲ.

ಹಸಿವು ಬರೀ ಮನಸ್ಸಿನ ಚಪಲವಲ್ಲ. ಗ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಅದು ಹೆಚ್ಚಾಗಿ ಹುಟ್ಟುವುದು ಜಠರದಲ್ಲಿ. ತೂಕ ಇಳಿದಂತೆಲ್ಲ ದೇಹ ಹಸಿವನ್ನು ಹೆಚ್ಚಿಸಿ ಹಳೆಯ ತೂಕಕ್ಕೆ ಮರಳಲು ನೋಡುತ್ತದೆ. ಆಪರೇಷನ್ ಆದ ಮೇಲೆ ಹೊಟ್ಟೆ-ಕರುಳಿನಿಂದ ಮೆದುಳಿಗೆ ಹೋಗುವ ಇಂಥ ಸುದ್ದಿಗಳೂ ಬದಲಾಗುತ್ತವೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೆಯೇ ಆಗುವುದಿಲ್ಲ.

ಮೂರನೇ ವಾರದ ರೊಟ್ಟಿ

ಆಸ್ಪತ್ರೆಯಿಂದ ಬರುವಾಗ ಒಂದು ಚೀಟಿ ಕೊಟ್ಟಿದ್ದರು. ಮೊದಲ ಒಂದೆರಡು ದಿನ ನೀರು ಮತ್ತು ತಿಳಿಯಾದ ದ್ರವ. ಎರಡು ವಾರ ಮುಗಿಯುವವರೆಗೆ ಕುಡಿಯುವಂಥದ್ದು ಮಾತ್ರ. ಮೂರು-ನಾಲ್ಕನೇ ವಾರ ನುಣ್ಣಗೆ ಅರೆದದ್ದು. ಐದು-ಆರನೇ ವಾರ ಮೆತ್ತಗಿನದ್ದು. ಆಮೇಲೆ ನಿಧಾನವಾಗಿ ಎಲ್ಲರಂತೆ ಗಟ್ಟಿ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕ ಸ್ವಲ್ಪ ಬದಲಾಗುತ್ತದೆ. ತಮ್ಮ ವೈದ್ಯರು ಹೇಳಿದ್ದನ್ನೇ ಪಾಲಿಸಬೇಕು.

ಚೀಟಿಯಲ್ಲಿ ಸೂಪ್, ಪ್ಯೂರಿ ಎಂದೆಲ್ಲ ಬರೆದಿತ್ತು. ಅವ್ವ ಅದನ್ನು ನೋಡಿ, “ಇವೆಲ್ಲ ನಮ್ಮ ಮನ್ಯಾಗ ಎಲ್ಲಿ ಬರ್ತಾವ?” ಎಂದು ಕೈಚೆಲ್ಲಿದಳು. ಅಕ್ಕ ಫೋನಿನಲ್ಲಿ ಆಹಾರತಜ್ಞೆಯನ್ನು ಕೇಳಿ ಒಂದೊಂದನ್ನೂ ನಮ್ಮ ಅಡುಗೆಮನೆಯ ಮಾತಿಗೆ ತಂದಳು. ಸೂಪ್ ಎಂದರೆ ಹೆಸರುಬೇಳೆ ಬೇಯಿಸಿ ಸೋಸಿದ ಕಟ್ಟು, ಖಾರವಿಲ್ಲದೆ. ಪ್ಯೂರಿ ಎಂದರೆ ಹಣ್ಣಾಗಿ ಬೆಂದ ತೊಗರಿಬೇಳೆಯನ್ನು ಕಡೆಗೋಲಿನಿಂದ ಕಡೆದು ನುಣ್ಣಗೆ ಮಾಡಿದ್ದು. ಮೆತ್ತಗಿನ ಊಟ ಎಂದರೆ ಬೇಯಿಸಿದ ಮೊಟ್ಟೆ, ಮೊಸರು, ಮೆತ್ತಗಿನ ಜೋಳದ ನುಚ್ಚು. ನೀರು ಮಜ್ಜಿಗೆಗಂತೂ ಹೊಸ ಹೆಸರೇ ಬೇಕಿರಲಿಲ್ಲ. ಅವ್ವನ ಮುಖ ಅರಳಿತು. “ಇದು ಕೂಸಿಗೆ ಮೊದಲ ಸಲ ಅನ್ನ ಉಣಿಸಿಧಂಗ ಅದ!” ಎಂದಳು. ಅದು ನಿಜವೇ. ಕೂಸಿಗೂ ಮೊದಲು ಹಾಲು, ಆಮೇಲೆ ಮೆದ್ದದ್ದು, ಆಮೇಲಲ್ಲವೇ ರೊಟ್ಟಿ?

ಆದರೆ ಮೂರನೇ ವಾರ ಅವ್ವನಿಗೆ ತಡೆಯಲಾಗಲಿಲ್ಲ. ಅಂದು ಬದನೆಕಾಯಿ ಎಣ್ಣೆಗಾಯಿ ಆಗಿತ್ತು. ಮಗಳು ಸಣ್ಣ ವಾಟಗದಲ್ಲಿ ಬೇಳೆ ಹಿಡಿದು ಕುಳಿತದ್ದನ್ನು ನೋಡಿ ಅವ್ವ ಬಿಸಿ ರೊಟ್ಟಿಯ ಒಂದು ತುಂಡನ್ನು ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗೇ ಕೊಟ್ಟಳು. “ಒಂದು ತುತ್ತಿಗೆ ಏನಾಗ್ತದ?” ಅಕ್ಕನಿಗೂ ಆಸೆ. ನುಂಗಿದಳು.

ಐದು ನಿಮಿಷವೂ ಆಗಿರಲಿಲ್ಲ, ಎದೆಯ ನಡುವೆ ಕಲ್ಲು ಇಟ್ಟಂತಾಯಿತು. ಬಾಯಿತುಂಬ ಜೊಲ್ಲು, ಬೆವರು. ಆಮೇಲೆ ವಾಂತಿ. ಆಸ್ಪತ್ರೆಗೆ ಫೋನು ಮಾಡಿದೆವು. ತುತ್ತು ಹೊರಬಂದದ್ದರಿಂದ ನೋವು ಇಳಿದಿತ್ತು. ಒಂದು ದಿನ ಮತ್ತೆ ದ್ರವಕ್ಕೆ ಹಿಂದಿರುಗಿ, ಜ್ವರ ಬಂದರೆ ತಡಮಾಡದೆ ಕರೆತನ್ನಿ ಎಂದರು. ಒಳಗಿನ ಹೊಲಿಗೆ ಇನ್ನೂ ಮಾಯುತ್ತಿರುವಾಗ ಗಟ್ಟಿ ಪದಾರ್ಥ ಹೋಗಬಾರದು ಎಂದು ಮತ್ತೊಮ್ಮೆ ತಿಳಿಸಿ ಹೇಳಿದರು. ಅಕ್ಕ ಮಲಗಿದಳು. ಅವ್ವ ಆ ದಿನ ತಾನೂ ಉಣ್ಣಲಿಲ್ಲ. “ನನ್ನ ಕೈಯಾರೆ ಕೊಟ್ಟೆನಲ್ಲ” ಎಂದು ಒಲೆಯ ಮುಂದೆ ಕುಳಿತೇ ಇದ್ದಳು. ಸಂಜೆ ಅಕ್ಕನೇ ಎದ್ದು ಬಂದು ಅವ್ವನಿಗೆ ರೊಟ್ಟಿ ಹಾಕಿ ಕೊಟ್ಟಳು.

ಬ್ಯಾಸಿಗಿಯ ನೀರಿನ ಲೆಕ್ಕ

ಊಟಕ್ಕಿಂತಲೂ ಕಷ್ಟವಾದದ್ದು ನೀರು. ನಮ್ಮ ಯಾದಗಿರಿ ಜಿಲ್ಲೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿಲಿನಿಂದ ಬಂದವರು ಚರಿಗೆ ಎತ್ತಿ ಗಟಗಟ ಕುಡಿಯುವುದು ನಮ್ಮ ರೂಢಿ. ಅಕ್ಕನಿಗೆ ಅದು ಸಾಧ್ಯವಿರಲಿಲ್ಲ. ಎರಡು ದೊಡ್ಡ ಗುಟುಕಿಗೇ ಎದೆ ಬಿಗಿಯುತ್ತಿತ್ತು. ಆದರೆ ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ ಹೊಟ್ಟೆ ಸೇರಲೇಬೇಕು. ಇಲ್ಲದಿದ್ದರೆ ತಲೆ ತಿರುಗುತ್ತದೆ, ಮೂತ್ರ ಹಳದಿಗಟ್ಟುತ್ತದೆ, ಆಸ್ಪತ್ರೆ ಸೇರಬೇಕಾಗುತ್ತದೆ.

ಈ ಲೆಕ್ಕ ಬಿಡಿಸಿದವಳು ಐದನೇ ತರಗತಿಯ ನನ್ನ ಮಗಳು. ಶಾಲೆಗೆ ರಜೆ ಕೊಟ್ಟಿದ್ದರಿಂದ ಯಾದಗಿರಿಯಿಂದ ಸುರಪುರಕ್ಕೆ ಬಂದಿದ್ದಳು. ನೀವೂ ಅವಳ ಜೊತೆ ಲೆಕ್ಕ ಮಾಡಿ. ಹತ್ತು ನಿಮಿಷಕ್ಕೆ 30 ಮಿಲಿಲೀಟರ್ ಕುಡಿದರೆ ಗಂಟೆಗೆ 180. ಹಾಗಾದರೆ 1,500 ಮಿಲಿಲೀಟರ್ ಮುಗಿಯಲು ಎಷ್ಟು ಹೊತ್ತು? ಎಂಟು ಗಂಟೆಗೂ ಹೆಚ್ಚು! ಅಂದರೆ ಅತ್ತೆ ಬಾಯಾರಿಕೆಗೆ ಕಾಯುತ್ತ ಕೂಡುವ ಹಾಗಿಲ್ಲ, ದಿನವಿಡೀ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ಮಗಳು ಒಂದು ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದು, ಪ್ರತಿ ಗೆರೆಯ ಪಕ್ಕ ಗಂಟೆ ಬರೆದಳು. “ಅತ್ತಿ, ಹನ್ನೊಂದರ ಗೆರಿ ಇನ್ನೂ ಮುಟ್ಟಿಲ್ಲ!” ಎಂದು ಮನೆಯೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಇದಕ್ಕೊಂದು ನಿಯಮವೂ ಇತ್ತು. ಊಟದ ಜೊತೆ ನೀರು ಕುಡಿಯಬಾರದು. ಸಣ್ಣ ಚೀಲ ನೀರಿನಿಂದಲೇ ತುಂಬಿದರೆ ಊಟಕ್ಕೆ ಜಾಗವಿರುವುದಿಲ್ಲ, ಒತ್ತಿ ತುಂಬಿದರೆ ವಾಂತಿ. ಊಟಕ್ಕೆ ಸ್ವಲ್ಪ ಮೊದಲೇ ನೀರು ನಿಲ್ಲಿಸಿ, ಊಟ ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ಶುರು ಮಾಡಬೇಕು. ತಾಟಿನ ಪಕ್ಕ ತುಂಬಿದ ಚರಿಗೆ ಇಡುವುದು ನಮ್ಮಲ್ಲಿ ಮರ್ಯಾದೆ. ಅಕ್ಕನ ತಾಟಿನ ಪಕ್ಕ ಅದನ್ನು ಇಡದಿರುವುದೇ ಸಹಾಯ ಎಂದು ಕಲಿಯಲು ಅಪ್ಪನಿಗೆ ಒಂದು ತಿಂಗಳು ಹಿಡಿಯಿತು.

ಗೋಳಿ ಸೋಡಾ, ಬಾಟಲಿಯ ತಂಪು ಪಾನೀಯ ಎರಡೂ ಬೇಡ, ಗ್ಯಾಸಿನಿಂದ ಹೊಟ್ಟೆ ಉಬ್ಬುತ್ತದೆ. ಕಬ್ಬಿನ ಹಾಲು, ಸಕ್ಕರೆ ಸುರಿದ ಶರಬತ್ತೂ ಬೇಡ. ಸಕ್ಕರೆ ಹಾಕದ ನೀರು ಮಜ್ಜಿಗೆ ಅಕ್ಕನ ಬೇಸಿಗೆಯನ್ನು ಕಾಯಿತು.

ಒಂದು ಚೂರು ಹೋಳಿಗೆ

ನಾಲ್ಕನೇ ತಿಂಗಳು ಬೀಗರ ಮನೆಯ ಕಾರ್ಯಕ್ರಮವೊಂದರಲ್ಲಿ ಅಕ್ಕ ಅರ್ಧ ಹೋಳಿಗೆ ತಿಂದಳು. ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಂಡಿತು, ಮೈ ಬೆವರಿತು, ಹೊಟ್ಟೆ ಹಿಂಡಿತು, ಭೇದಿಯಾಯಿತು. ಕೆಲವರು ‘ದೃಷ್ಟಿ ತಾಕಿತು’ ಎಂದರು. ಅದು ದೃಷ್ಟಿಯಲ್ಲ. ಸಿಹಿ ಪದಾರ್ಥ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಸುರಿದಾಗ ಹೀಗಾಗುತ್ತದೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು.

ಕರಿದದ್ದಕ್ಕೂ ಎಚ್ಚರ ಬೇಕು. ಇನ್ನೊಂದು ಗುಟ್ಟೂ ಇದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಚುರುಮುರಿ, ಐಸ್‌ಕ್ರೀಮಿನಂಥವು ಸಣ್ಣ ಹೊಟ್ಟೆಯಲ್ಲೂ ಸಲೀಸಾಗಿ ಜಾರಿ ಹೋಗುತ್ತವೆ. ದಿನವಿಡೀ ಒಂದಿಷ್ಟು ಒಂದಿಷ್ಟು ಬಾಯಾಡಿಸುತ್ತಿದ್ದರೆ ಇಳಿದ ತೂಕ ಮೆಲ್ಲನೆ ಮರಳಿ ಬರುತ್ತದೆ.

ಮೊದಲು ಬ್ಯಾಳಿ, ಆಮೇಲೆ ರೊಟ್ಟಿ

ತಾಟಿನಲ್ಲಿ ಜಾಗ ಕಡಿಮೆಯಾದಾಗ ಯಾವುದು ಮೊದಲು ಎಂಬ ಪ್ರಶ್ನೆ ಬರುತ್ತದೆ. ಉತ್ತರ ಪ್ರೋಟೀನು. ಅದಿಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಇಂಥವರಿಗೆ ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ. ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ತಿನ್ನುವ ಮಕ್ಕಳೇ, ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. 60 ಗ್ರಾಂ ಎಂದರೆ ಹತ್ತು ಮೊಟ್ಟೆ! ಅಷ್ಟು ಸಣ್ಣ ಹೊಟ್ಟೆಗೆ ಇದೆಲ್ಲಿ ಹಿಡಿಯುತ್ತದೆ? ಅದಕ್ಕೇ ಬೇಳೆ, ಮೊಟ್ಟೆ, ಮೊಸರು, ಪನೀರು, ತಿನ್ನುವವರಿಗೆ ಮೀನು-ಕೋಳಿ, ಇವನ್ನು ಮೊದಲು ತಿಂದು, ರೊಟ್ಟಿ-ಅನ್ನವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಸಾಲದ್ದಕ್ಕೆ ವೈದ್ಯರು ಪ್ರೋಟೀನ್ ಪುಡಿ ಬರೆದುಕೊಡುತ್ತಾರೆ.

ತೊಗರಿಯ ನಾಡಿನ ನಮಗೆ ಬೇಳೆಗೇನು ಕೊರತೆ? ಪಕ್ಕದ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೇ ಸಿಕ್ಕಿದೆ. ನಾವು ಮೊದಲು ರೊಟ್ಟಿಗೆ ನಂಜಿಕೊಳ್ಳಲು ಬೇಳೆ ಮಾಡುತ್ತಿದ್ದೆವು. ಅಕ್ಕ ಈಗ ಬೇಳೆಗೆ ನಂಜಿಕೊಳ್ಳಲು ರೊಟ್ಟಿ ತಿನ್ನುತ್ತಾಳೆ ಎಂದು ಅಪ್ಪ ನಗುತ್ತಾರೆ.

ತುತ್ತು ಬಟಾಣಿ ಕಾಳಿನಷ್ಟಿರಬೇಕು, ಇಪ್ಪತ್ತು-ಮೂವತ್ತು ಸಲ ಅಗಿಯಬೇಕು. ಹಲ್ಲಿಲ್ಲದ ಅಜ್ಜಂದಿರಿಗೆ ಇದು ಹೊಸ ವಿದ್ಯೆಯಲ್ಲ! ಹೊಟ್ಟೆ ತುಂಬಿತೆಂದು ಮೊದಲ ಸೂಚನೆ ಬಂದ ಕೂಡಲೇ ಕೈ ತೊಳೆಯಬೇಕು. ತಾಟಿನಲ್ಲಿ ಒಂದು ತುತ್ತು ಉಳಿದಿದ್ದರೂ ಸರಿ. ‘ಅನ್ನ ಚೆಲ್ಲಬಾರದು’ ಎಂದು ಕಲಿಸಿದ ನಾವೇ ಮೊದಲಿನಿಂದಲೇ ಕಡಿಮೆ ಬಡಿಸಬೇಕು.

ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಬಿ12 ಇವು ಜೀವನಪೂರ್ತಿ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ನುಂಗದೆ ನಡುವೆ ಎರಡು ಗಂಟೆ ಬಿಡಬೇಕು. ಆಪರೇಷನ್ ನಂತರ ರಕ್ತದ ಸಕ್ಕರೆ ಬೇಗ ಇಳಿಯಬಹುದು, ಆದ್ದರಿಂದ ಸಕ್ಕರೆ ಕಾಯಿಲೆಯ ಔಷಧವನ್ನು ವೈದ್ಯರು ಹೊಸದಾಗಿ ನಿಗದಿ ಮಾಡುತ್ತಾರೆ. ಮೊಣಕಾಲು ನೋಯುತ್ತದೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಬೀಡಿ-ಸಿಗರೇಟು ದೂರವೇ ಇರಲಿ. ತಡೆಯಿಲ್ಲದ ವಾಂತಿ, ಜ್ವರ, ಜೋರು ಹೊಟ್ಟೆನೋವು, ಉಸಿರಾಟದ ತೊಂದರೆ, ಕಪ್ಪು ಮಲ, ನೀರೂ ಇಳಿಯದಿರುವುದು, ಇವುಗಳಲ್ಲಿ ಯಾವುದಿದ್ದರೂ ‘ನಾಳೆ ನೋಡೋಣ’ ಎನ್ನಬಾರದು.

ಮನೆಯವರು ಏನು ಮಾಡಬೇಕು?

ಐದನೇ ತಿಂಗಳು ಅಕ್ಕನ ಕೂದಲು ಉದುರತೊಡಗಿತು. ತೂಕ ವೇಗವಾಗಿ ಇಳಿಯುವಾಗ ಇದು ಅನೇಕರಿಗೆ ಆಗುತ್ತದೆ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮರಳಿ ಬರುತ್ತದೆ. ಆದರೆ ಬಾಚಣಿಕೆ ಹಿಡಿದು ಅತ್ತವಳಿಗೆ ಆ ಮಾತು ಎಷ್ಟು ಸಮಾಧಾನ? ಬಂದವರೆಲ್ಲ “ಎಷ್ಟು ಕಿಲೊ ಇಳಿದಿ?” ಎಂದು ಕೇಳುವುದು ಒಂದು ಕಾಟ. “ಹಿಂಗ ಸೊರಗಿ ಹೋಗಿಯಲ್ಲ” ಎಂಬ ಮರುಕ ಇನ್ನೊಂದು. ಮೊದಲು ದಪ್ಪಗಿದ್ದಾಳೆಂದು ಆಡಿಕೊಂಡವರೇ ಈಗ ಹೀಗನ್ನುತ್ತಿದ್ದರು.

ಮನೆಗೆ ಬಂದವರ ಮುಂದೆ ಈ ಮಾತು ತಡೆದವಳು ಅವ್ವ. “ಆಕಿ ತೂಕ ಬ್ಯಾಡ್ರಿ. ನಿನ್ನೆ ನಿಲ್ಲದ ಗುಡ್ಡದ ಮ್ಯಾಲಿನ ಗುಡಿತನಕ ನಡದಾಳ, ಅದನ್ನ ಕೇಳ್ರಿ” ಎನ್ನುತ್ತಿದ್ದಳು.

ಮಕ್ಕಳಿಗೆ ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಅತ್ತೆ ಸಣ್ಣ ವಾಟಗದಲ್ಲಿ ಉಣ್ಣುತ್ತಾಳೆಂದು ನೀವು ಹಾಗೆ ಮಾಡಬೇಡಿ. ನೀವು ಬೆಳೆಯುವವರು. ನಮ್ಮ ಜಿಲ್ಲೆಯಲ್ಲಿ ಸಾಕಷ್ಟು ಪೌಷ್ಟಿಕ ಊಟ ಸಿಗದೆ ಬೆಳವಣಿಗೆ ಕುಂಠಿತವಾದ ಮಕ್ಕಳು ಬಹಳ ಇದ್ದಾರೆ. 2021ರ ಡಿಸೆಂಬರಿನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದಾದದ್ದು ಅದಕ್ಕೇ. ಒಂದೇ ಮನೆಯಲ್ಲಿ ಒಬ್ಬರಿಗೆ ಕಡಿಮೆ ಉಣ್ಣುವುದು ಔಷಧ, ಇನ್ನೊಬ್ಬರಿಗೆ ಹೊಟ್ಟೆ ತುಂಬ ಉಣ್ಣುವುದು ಔಷಧ.

ಹೊಲದಲ್ಲಿ

ಈ ಸಲದ ಎಳ್ಳ ಅಮವಾಸ್ಯೆಗೆ ಎಲ್ಲರೂ ಸುರಪುರದ ಹೊಲಕ್ಕೆ ಹೋದೆವು. ಅಪ್ಪ ಬೆಳೆಯ ನಡುವೆ ಚರಗ ಚೆಲ್ಲಿ ಬಂದರು. ಬುತ್ತಿ ಬಿಚ್ಚಿದಾಗ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಕಾಳು-ಸೊಪ್ಪು ಹಾಕಿದ ಭಜ್ಜಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಎಲ್ಲವೂ ಇದ್ದವು. ಅಕ್ಕ ಹೊಲದ ಬದುವಿನ ಮೇಲೆ ನಡೆದೇ ಬಂದಿದ್ದಳು. ಮೊದಲಾದರೆ ಅವಳಿಗಾಗಿ ಗಾಡಿ ಹೂಡಬೇಕಿತ್ತು.

ಅವ್ವ ಒಂದು ಸಣ್ಣ ತಾಟು ಬೇರೆ ತಂದಿದ್ದಳು. ಅದರಲ್ಲಿ ಮೊದಲು ಭಜ್ಜಿ ಬಡಿಸಿದಳು, ಪಕ್ಕದಲ್ಲಿ ಅರ್ಧ ಕಡುಬು. ಅಕ್ಕ ನಿಧಾನವಾಗಿ, ಮೊಮ್ಮಕ್ಕಳೆಲ್ಲ ಎರಡನೇ ರೊಟ್ಟಿ ಮುಗಿಸುವವರೆಗೂ ಅದನ್ನೇ ಅಗಿಯುತ್ತ ಕುಳಿತಳು. ಚೂರು ಕಡುಬು ಉಳಿಯಿತು.

“ಸಾಕು, ಯವ್ವಾ” ಎಂದಳು.

ಅವ್ವನ ಕೈ ಅಭ್ಯಾಸಬಲದಿಂದ ರೊಟ್ಟಿ ಬುಟ್ಟಿಯ ಕಡೆ ಹೋಯಿತು. ಅರ್ಧಕ್ಕೆ ನಿಂತಿತು. “ಸಾಕಂದ್ರ ಸಾಕು” ಎಂದು ಉಳಿದ ಚೂರು ಕಡುಬನ್ನು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಆಮೇಲೆ ನನ್ನ ಮಗಳ ಕಡೆ ತಿರುಗಿ ಕೇಳಿದಳು: “ಅರ್ಧ ತಾಸು ಆದ ಮ್ಯಾಲ ಹೇಳು. ನಿಮ್ಮ ಅತ್ತಿಗೆ ಮಜ್ಜಿಗಿ ಕೊಡಬೇಕು.”